ನಮ್ಮನ್ನು ಕೇಳದೇ ಬಂದ ಆದೇಶ: ಕೋರ್ಟಿನ ಅಧಿಕಾರಕ್ಕೆ ಗಡಿ ಎಲ್ಲಿ?

ಬೆಟ್ಟದಂಚು (ಶಿರಸಿ)

ನಿನ್ನೆ ನಮ್ಮೂರ ಗ್ರಾಮಸಭೆ ಇತ್ತು. ಅರಣ್ಯ ಹಕ್ಕಿನ ಅರ್ಜಿಗಳ ಮಾತು ಬಂದಾಗ ಹಿಂದೆ ಕೂತಿದ್ದ ಅಜ್ಜನವರೊಬ್ಬರು ಎದ್ದು, "ಇಲ್ಲಿ ಮಾತಾಡಿ ಎಂತ ಆಗ್ತು ತಮಾ? ಕಡೆಗೆ ಕೋರ್ಟು ಹೇಳಿದ್ದೇ ಸೈ" ಅಂದರು. ಸಭೆ ಗಪ್ಪಾಯಿತು. ಯಾರೂ ಉತ್ತರ ಕೊಡಲಿಲ್ಲ. ನನಗೂ ಹೊಳೆಯಲಿಲ್ಲ. ರಾತ್ರಿಯಿಡೀ ಅದೇ ತಲೆಯಲ್ಲಿ ಕೊರೆದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಅಜ್ಜ ಕಟ್ಟಿದ ಮನೆ, ಒಂದೆಕರೆ ಚಿಲ್ಲರೆ ಅಡಿಕೆ ತೋಟ. ಮನೆಯಿರುವ ಜಾಗ ದಾಖಲೆಯಲ್ಲಿ ಅರಣ್ಯ. 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಮಾಡಿದಾಗ ಅಪ್ಪ ಅರ್ಜಿ ಕೊಟ್ಟರು. ನಾವು ಬುಡಕಟ್ಟಿನವರಲ್ಲ, ಹಾಗಾಗಿ 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಇದ್ದೆವು ಎಂದು ತೋರಿಸಬೇಕು. 1930ರ ಕಾಗದ! ಸೋಗೆ ಮನೆಯಲ್ಲಿ, ಮಳೆಗಾಲದ ಗೆದ್ದಲಿನ ನಡುವೆ, ಅಕ್ಷರ ಬಾರದ ನನ್ನ ಮುತ್ತಜ್ಜಿ ಯಾವ ಕಾಗದ ಎತ್ತಿಡಬೇಕಿತ್ತು? ಅರ್ಜಿ ತಿರಸ್ಕಾರವಾಯಿತು. ಕಚೇರಿಯಿಂದ ಬಂದ ಹಿಂಬರಹದಲ್ಲಿ ಒಂದೇ ಸಾಲು, ದಾಖಲೆ ಸಾಲದು ಅಂತ. ನಮ್ಮನ್ನು ಕರೆದು ಕೂರಿಸಿ ಕೇಳಿದವರಿಲ್ಲ.

ಆಮೇಲೆ 2019ರ ಫೆಬ್ರವರಿ 13. ತಿರಸ್ಕೃತ ಅರ್ಜಿದಾರರನ್ನು ಜುಲೈ ವಿಚಾರಣೆಯೊಳಗೆ ಒಕ್ಕಲೆಬ್ಬಿಸಿ ಎಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಿತು. ಟಿವಿಯಲ್ಲಿ ಆ ಸುದ್ದಿ ನೋಡಿದ ಅಮ್ಮ ರಾತ್ರಿ ಅಡುಗೆ ಮಾಡಲಿಲ್ಲ. ಹದಿನೈದು ದಿನ ಕಳೆದು, ಫೆಬ್ರವರಿ 28ಕ್ಕೆ ಅದೇ ಕೋರ್ಟು ತನ್ನ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ತಿರಸ್ಕಾರ ಹೇಗೆ ನಡೆಯಿತು, ಜನರ ಮಾತು ಕೇಳಿದಿರಾ ಎಂದು ರಾಜ್ಯಗಳನ್ನು ಪ್ರಶ್ನಿಸಿತು.

ಆ ಪ್ರಶ್ನೆಯನ್ನು ಹದಿನೈದು ದಿನ ಮೊದಲೇ ಕೇಳಬಹುದಿತ್ತಲ್ಲ, ಇದು ನನ್ನ ಸಂಕಟ. ಕಾಯ್ದೆ ಮಾಡಿದ್ದು ನಾವು ಆರಿಸಿ ಕಳಿಸಿದವರು. ಒಕ್ಕಲೆಬ್ಬಿಸಿ ಅಂದವರು ನಮ್ಮ ಮುಖ ನೋಡಿದವರಲ್ಲ, ನಾವು ಆ ಪ್ರಕರಣದಲ್ಲಿ ಪಾರ್ಟಿಯೂ ಅಲ್ಲ. ಹಾಗಾದರೆ ನ್ಯಾಯಾಲಯದ ಅಧಿಕಾರ ಎಲ್ಲಿಗೆ ನಿಲ್ಲಬೇಕು? ತಿಳಿದವರು ಹೇಳಿ.


ಸದಾಶಿವಗಡದ ವಕೀಲ (ಕಾರವಾರ)

ತಮ್ಮಾ, ನಿಮ್ಮ ಅಮ್ಮನ ಆ ರಾತ್ರಿ ನನಗೆ ಅರ್ಥವಾಗುತ್ತದೆ. ಆ ವಾರ ನನ್ನ ಕಚೇರಿಗೂ ಹಿಂಬರಹ ಹಿಡಿದು ಬಂದವರ ಸಾಲಿತ್ತು.

ಮೊದಲು ಪ್ರಕರಣ ಏನೆಂದು ಸರಿಯಾಗಿ ತಿಳಿದುಕೊಳ್ಳೋಣ. ಕೆಲವು ವನ್ಯಜೀವಿ ಸಂಘಟನೆಗಳು ಅರಣ್ಯ ಹಕ್ಕು ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಎಂದು ಹಾಕಿದ ಅರ್ಜಿ ಅದು. ಕಾಯ್ದೆ ಸಿಂಧುವೋ ಅಲ್ಲವೋ ಎಂಬುದು ಮುಖ್ಯ ಪ್ರಶ್ನೆ. ಅದನ್ನು ಕೇಳಲು ಕೋರ್ಟಿಗೆ ಪೂರ್ತಿ ಅಧಿಕಾರ ಇದೆ, ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ನಿಲ್ಲದು ಎನ್ನುವ 13ನೇ ವಿಧಿಯ ಕೆಲಸವೇ ಅದು. ಆದರೆ ಆ ಮುಖ್ಯ ಪ್ರಶ್ನೆ ಹಾಗೇ ಉಳಿದು, ಪಕ್ಕದ ಬಾಗಿಲಿನಿಂದ ಒಕ್ಕಲೆಬ್ಬಿಸುವ ಮಾತು ಬಂತು. ಅದೇ ಕಾಯ್ದೆಯ 4(5)ನೇ ಕಲಮು ಏನು ಹೇಳುತ್ತದೆ? ಹಕ್ಕು ಗುರುತಿಸುವ, ಪರಿಶೀಲಿಸುವ ಪ್ರಕ್ರಿಯೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಕ್ರಿಯೆ ಮುಗಿದಿದೆ ಎಂದು ರಾಜ್ಯಗಳು ಅಂಕಿ ಕೊಟ್ಟವು, ಕೋರ್ಟು ಆ ಅಂಕಿ ನಂಬಿತು. ಸರ್ಕಾರದ ವಕೀಲರು ಆ ದಿನ ಗಟ್ಟಿಯಾಗಿ ಎದ್ದು ನಿಂತು ಹೇಳಿದ್ದರೆ ಆದೇಶವೇ ಬರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಆಮೇಲೆ ಬದಲಾಯಿಸಿ ಎಂದು ಕೇಂದ್ರವೇ ಓಡಿ ಬಂತು.

ಹಾಗಾಗಿ ತಪ್ಪನ್ನೆಲ್ಲ ಕೋರ್ಟಿನ ತಲೆಗೆ ಕಟ್ಟಬೇಡಿ. ಆದರೆ ಗಡಿಯ ಬಗ್ಗೆ ನೀವು ಕೇಳಿದ್ದು ಸರಿಯಾಗಿದೆ. ಎದುರು ಪಕ್ಷದ ಮಾತು ಕೇಳದೆ ತೀರ್ಪು ಬೇಡ ಎಂಬುದು ಕಾನೂನು ಓದುವವರಿಗೆ ಮೊದಲ ವರ್ಷವೇ ಕಲಿಸುವ ಪಾಠ. ಇಬ್ಬರ ಗಡಿಕಲ್ಲಿನ ವ್ಯಾಜ್ಯದಲ್ಲಿ ಇದನ್ನು ಪಾಲಿಸುವುದು ಸುಲಭ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ (ಪಿಐಎಲ್) ಒಬ್ಬರು ಬಾಗಿಲು ತಟ್ಟಿದರೆ ಆದೇಶ ಲಕ್ಷಾಂತರ ಮನೆಗಳ ಮೇಲೆ ಇಳಿಯುತ್ತದೆ.

1996ರ ಡಿಸೆಂಬರ್ 12ರ ಗೋದಾವರ್ಮನ್ ಆದೇಶ ನೋಡಿ. ನೀಲಗಿರಿ ಕಡೆಯ ಕಾಡಿನ ಪ್ರಕರಣ. ನಿಘಂಟಿನ ಅರ್ಥದಲ್ಲಿ ಕಾಡು ಎನಿಸಿಕೊಳ್ಳುವುದೆಲ್ಲ ಕಾಡೇ, ಮಾಲೀಕರು ಯಾರೇ ಇರಲಿ ಎಂದು ಕೋರ್ಟು ಹೇಳಿತು. ಪ್ರಕರಣವನ್ನು ಮುಗಿಸದೆ, ವರ್ಷಗಟ್ಟಲೆ ತೆರೆದಿಟ್ಟುಕೊಂಡು ಆದೇಶದ ಮೇಲೆ ಆದೇಶ ಕೊಡುತ್ತ ಬಂತು. ಬಹುಪಾಲು ಕಾಡೇ ಇರುವ ನಮ್ಮ ಜಿಲ್ಲೆಯಲ್ಲಿ ಒಂದು ಕಾಲುಸಂಕ, ಒಂದು ವಿದ್ಯುತ್ ಕಂಬ, ಒಂದು ಅಂಗನವಾಡಿ ಎಲ್ಲಕ್ಕೂ ಆ ಆದೇಶದ ನೆರಳಿದೆ.


ಕಾಳಿ ದಡ (ದಾಂಡೇಲಿ, ಈಗ ಬೆಂಗಳೂರು)

ವಕೀಲ್ರೆ, ಆ ನೆರಳಿಗೇ ನಾನು ಕೈಮುಗಿಯುತ್ತೇನೆ. ಆ ಆದೇಶ ಇಲ್ಲದಿದ್ದರೆ ಘಟ್ಟದಲ್ಲಿ ಇವತ್ತು ಏನು ಉಳಿಯುತ್ತಿತ್ತು?

ಬೇಲೆಕೇರಿ ಬಂದರು ಮರೆತಿರಾ? ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಅರಬೈಲ್ ಘಟ್ಟ ಇಳಿದು ಬರುತ್ತಿದ್ದವು. ರಸ್ತೆ ಬದಿಯ ಗಿಡಗಳ ಎಲೆ ಹಸಿರಿತ್ತೇ ಎಂದು ಗೊತ್ತಾಗದಷ್ಟು ಕೆಂಪು. ಶಾಲೆಗೆ ಹೋಗುವ ಮಕ್ಕಳು ಮೂಗಿಗೆ ಕರವಸ್ತ್ರ ಕಟ್ಟುತ್ತಿದ್ದರು. 2010ರಲ್ಲಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಹಡಗು ಹತ್ತಿ ಹೋಯಿತು. ಆಗ ಶಾಸನಸಭೆ ಇತ್ತು, ಮಂತ್ರಿಗಳಿದ್ದರು, ಎಲ್ಲರೂ ನಮ್ಮ ಓಟಿನಿಂದಲೇ ಗೆದ್ದವರು. ನಿಲ್ಲಿಸಿದ್ದು ಯಾರು? 2011ರ ಜುಲೈ 29ಕ್ಕೆ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ್ದು ಸುಪ್ರೀಂ ಕೋರ್ಟು. ಅದಕ್ಕೆ ಮೊದಲು ವರದಿ ಕೊಟ್ಟ ಲೋಕಾಯುಕ್ತ ಸಂತೋಷ್ ಹೆಗ್ಡೆಯವರೂ ನಿವೃತ್ತ ನ್ಯಾಯಾಧೀಶರೇ.

ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೂ ಹೊಲಕ್ಕೂ ಹೊರಗಿನವರೊಬ್ಬರು ಬೇಕು. ಅವರ ಕೈಯನ್ನೇ ಕಟ್ಟಿಬಿಟ್ಟರೆ ನಾವು ಎಲ್ಲಿಗೆ ಹೋಗುವುದು? ಇನ್ನೊಂದು ಮಾತು ಬೇಸರ ಮಾಡಿಕೊಳ್ಳದೆ ಕೇಳಿ, ಬೆಟ್ಟದಂಚು ಅವರೆ. ಅರ್ಜಿ ಹಾಕಿದವರೆಲ್ಲ ಮೂರು ತಲೆಮಾರಿನವರಲ್ಲ. ನಾನು ಕಣ್ಣಾರೆ ನೋಡಿದ ಕಾಡು ಕಡಿತ ಇದೆ, ಹತ್ತು ವರ್ಷದ ಈಚಿನದು.


ಅಂಕೋಲೆಯ ಅಕ್ಕೋರು

ನಾನು ನಿವೃತ್ತ ಶಿಕ್ಷಕಿ. ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದ್ದೇನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಹಲಗೆಯ ಮೇಲೆ ಮೂರು ಚೌಕ ಬರೆದು ನಡುವೆ ಗೆರೆ ಎಳೆಯುತ್ತಿದ್ದೆ. ಆ ಗೆರೆ ನಿಜವಾಗಿ ಎಲ್ಲಿ ಬೀಳುತ್ತದೆ ಎಂದು ಮಕ್ಕಳಿಗೆ ಹೇಳಲೇ ಇಲ್ಲವಲ್ಲ ಎಂಬ ನೋವು ಈಗ ಕಾಡುತ್ತದೆ.

ಅದಿರಿನ ವಿಷಯದಲ್ಲಿ ದಾಂಡೇಲಿಯ ತಮ್ಮ ಹೇಳಿದ್ದು ಸತ್ಯ. ಆ ಧೂಳು ನನ್ನ ತರಗತಿಯ ಬೆಂಚಿನ ಮೇಲೂ ಕೂತಿತ್ತು. ಆದರೆ ತಡೆ ಬಂದ ತಿಂಗಳು ನಮ್ಮ ತಾಲೂಕಿನಲ್ಲಿ ಸಾಲ ಮಾಡಿ ಲಾರಿ ಕೊಂಡವರ ಮನೆಗಳನ್ನೂ ನಾನು ಕಂಡೆ. ಕೋರ್ಟು ನಿಲ್ಲಿಸಿದ್ದು ಸರಿಯೇ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗ ಮಾಡಿ, ತೀರಾ ಕೆಟ್ಟ 49 ಗಣಿಗಳ ಗುತ್ತಿಗೆ ರದ್ದು ಮಾಡಿ, ಉಳಿದವಕ್ಕೆ ಷರತ್ತು ಹಾಕಿ ಬಿಟ್ಟಿತು. ಅದೂ ಒಪ್ಪುವ ಮಾತೇ. ಆದರೆ ಲಾರಿಯ ಹುಡುಗನಿಗೆ ಮುಂದೇನು ಎಂದು ಯೋಚಿಸುವ ಕೆಲಸ ಕೋರ್ಟಿನದಲ್ಲ, ಆಗದೂ ಕೂಡ. ಅದು ಸರ್ಕಾರದ್ದು. ಸರ್ಕಾರ "ಕೋರ್ಟು ಹೇಳಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದು ಕೈ ತೊಳೆದುಕೊಂಡಿತು. ಕೋರ್ಟು ಹೆಚ್ಚು ಮಾಡಿದಷ್ಟೂ ಆಳುವವರಿಗೆ ಇದು ಒಳ್ಳೆಯ ನೆಪವಾಗುತ್ತದೆ. ನನಗೆ ಹೆದರಿಕೆ ಹುಟ್ಟಿಸುವುದು ಇದೇ.

ಹಾಗೆಂದು ಕೋರ್ಟು ಸುಮ್ಮನಿರಲಿ ಅನ್ನಲಾರೆ. ನಮ್ಮ ಅಂಕೋಲಾ, ಸಿದ್ದಾಪುರದ ರೈತರು 1930ರ ದಶಕದಲ್ಲಿ ಕರ ಕೊಡುವುದಿಲ್ಲ ಎಂದು ನಿಂತಾಗ ಅವರ ಜಮೀನು ಜಪ್ತಾಯಿತು. ಅಂದಿನ ಕಾನೂನಿನ ಪ್ರಕಾರವೇ ಆಯಿತು! ಆ ಕಾನೂನೇ ಅನ್ಯಾಯ ಎಂದು ಹೇಳಲು ಯಾವ ನ್ಯಾಯಾಧೀಶರ ಕೈಯಲ್ಲೂ ಅಳತೆಗೋಲು ಇರಲಿಲ್ಲ. 1950ರಲ್ಲಿ ನಮಗೆ ಸಿಕ್ಕಿದ್ದು ಆ ಅಳತೆಗೋಲು. ಸಂವಿಧಾನಸಭೆಯಲ್ಲಿ ಅಂಬೇಡ್ಕರರು, ಹಕ್ಕು ಕಸಿದರೆ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು ಎನ್ನುವ 32ನೇ ವಿಧಿಯನ್ನು ಸಂವಿಧಾನದ ಹೃದಯ, ಆತ್ಮ ಎಂದದ್ದು ಸುಮ್ಮನೆ ಅಲ್ಲ.

ಕೇಶವಾನಂದ ಭಾರತಿ ಪ್ರಕರಣ ಎಲ್ಲರಿಗೂ ಗೊತ್ತು, ಆದರೆ ಆ ಸ್ವಾಮಿಗಳು ನಮ್ಮ ಕಾಸರಗೋಡಿನ ಎಡನೀರು ಮಠದವರು, ಯಕ್ಷಗಾನದ ದೊಡ್ಡ ಪೋಷಕರು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ಮಠದ ಭೂಮಿಯ ವಿಷಯ ಹಿಡಿದು ಕೇರಳ ಸರ್ಕಾರದ ಮೇಲೆ ಹಾಕಿದ ಅರ್ಜಿ. 13 ನ್ಯಾಯಾಧೀಶರು, 68 ದಿನಗಳ ವಾದ, 1973ರ ಏಪ್ರಿಲ್ 24ರಂದು 7-6ರ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ. ಒಂದೇ ಒಂದು ಮತದ ಅಂತರ. ಚುನಾವಣೆಯಲ್ಲಿ ಗೆದ್ದವರಿಗೆ ಮನೆ ರಿಪೇರಿ ಮಾಡುವ ಹಕ್ಕಿದೆ, ಅಡಿಪಾಯ ಅಗೆಯುವ ಹಕ್ಕಿಲ್ಲ ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದೆ.

ಮೂರೇ ವರ್ಷಕ್ಕೆ, 1976ರ ಏಪ್ರಿಲ್ 28ರಂದು, ಅದೇ ಕೋರ್ಟು ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದವರು ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದಿತು. ಒಂಬತ್ತು ಹೈಕೋರ್ಟುಗಳು ಬರಬಹುದು ಎಂದಿದ್ದವು. ಸುಪ್ರೀಂ ಕೋರ್ಟಿನ ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಆಗದು ಎಂದರು, ಆಮೇಲೆ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನು ದಾಟಿ ಕಿರಿಯರಿಗೆ ಹೋಯಿತು. ಆ ತೀರ್ಪನ್ನು ಔಪಚಾರಿಕವಾಗಿ ತೆಗೆದುಹಾಕಲು 2017 ಬರಬೇಕಾಯಿತು. ಅದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಖಾಸಗಿತನದ ಪ್ರಕರಣದಲ್ಲಿ. ಕೋರ್ಟು ಅತಿಯಾಗಿ ಮಾತಾಡಿದಾಗ ನಮಗೆ ಕಾಣುತ್ತದೆ. ಮಾತಾಡಬೇಕಾದಾಗ ಬಾಯಿ ಮುಚ್ಚಿದ್ದು ಅಷ್ಟು ಬೇಗ ಕಾಣುವುದಿಲ್ಲ.


ಯಲ್ಲಾಪುರದ ಮತದಾರ

ಅಕ್ಕೋರೆ, ನಿಮ್ಮ ಚೌಕದ ಗೆರೆ ನಮ್ಮ ಕ್ಷೇತ್ರದ ಮೇಲೇ ಹಾದು ಹೋಗಿದೆ.

ಸಿದ್ದಾಪುರದ ರಾಮಕೃಷ್ಣ ಹೆಗಡೆಯವರ ನಂತರ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ವರದಿ ಹಿಡಿದು ಕೇಂದ್ರದವರು ಅವರ ಸರ್ಕಾರವನ್ನೇ ವಜಾ ಮಾಡಿದರು. ಬಹುಮತ ಇದೆಯೋ ಇಲ್ಲವೋ ಸದನದಲ್ಲಿ ನೋಡೋಣ ಎಂದರೂ ಕೇಳಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರು ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದರು. ನನ್ನ ಲೆಕ್ಕದಲ್ಲಿ ನ್ಯಾಯಾಲಯದ ಅಧಿಕಾರದ ಅತಿ ಸುಂದರ ಬಳಕೆ ಅದು. ಯಾರು ಆಳಬೇಕು ಎಂದು ಅದು ಹೇಳಲಿಲ್ಲ, ಎಲ್ಲಿ ಎಣಿಸಬೇಕು ಎಂದಷ್ಟೇ ಹೇಳಿತು. ಆದರೆ ಬೊಮ್ಮಾಯಿಯವರಿಗೆ ಏನು ಸಿಕ್ಕಿತು? ಐದು ವರ್ಷ ಕಳೆದಿತ್ತು, ಆ ವಿಧಾನಸಭೆಯೇ ಇರಲಿಲ್ಲ.

2018ರಲ್ಲಿ ಅದೇ ತೀರ್ಪು ಕೆಲಸಕ್ಕೆ ಬಂತು. ರಾಜ್ಯಪಾಲರು ಹೊಸ ಮುಖ್ಯಮಂತ್ರಿಗೆ ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿ ಕೂತು ಕೇಳಿತು, ಮರುದಿನ ಆ ಹದಿನೈದನ್ನು ಒಂದೇ ದಿನಕ್ಕೆ ಇಳಿಸಿತು. ಮೇ 19ಕ್ಕೆ ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ನನಗೆ ಕಸಿವಿಸಿಯಾದದ್ದು 2019ರದು. ಶಾಸಕರ ರಾಜೀನಾಮೆ ಪ್ರಸಂಗದಲ್ಲಿ ಜುಲೈ 17ರಂದು ಕೋರ್ಟು ಒಂದು ಮಧ್ಯಂತರ ಆದೇಶ ಕೊಟ್ಟಿತು. ಸ್ಪೀಕರ್ ಯಾವಾಗ ಬೇಕಾದರೂ ತೀರ್ಮಾನಿಸಲಿ, ಆದರೆ ಈ ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು. ಆ ಎರಡನೇ ಅರ್ಧ, ಹೀಗೇ ಮತ ಹಾಕಿ ಎಂದು ಶಾಸಕರಿಗೆ ಹೇಳುವ ಪಕ್ಷದ ವಿಪ್‌ನ ಹಲ್ಲನ್ನೇ ಕಿತ್ತಿತು. ಆರು ದಿನಕ್ಕೆ 99-105ರಲ್ಲಿ ಸರ್ಕಾರ ಬಿತ್ತು. ಸ್ಪೀಕರ್ 17 ಜನರನ್ನು ಅನರ್ಹ ಮಾಡಿದರು. ನಮ್ಮ ಯಲ್ಲಾಪುರದ ಶಾಸಕರೂ ಅದರಲ್ಲಿ ಒಬ್ಬರು. ನವೆಂಬರ್ 13ರಂದು ಕೋರ್ಟು ಅನರ್ಹತೆ ಸರಿ ಎಂದಿತು. ಆದರೆ 2023ರವರೆಗೆ ನಿಲ್ಲುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ಕ್ಕೆ ನಾವು ಮತ್ತೆ ಮತಗಟ್ಟೆಯ ಮುಂದೆ ಸಾಲು ನಿಂತೆವು.

ಯಾರು ಗೆದ್ದರು ಎಂಬುದು ಇಲ್ಲಿ ವಿಷಯವಲ್ಲ, ದಯವಿಟ್ಟು ಪಕ್ಷದ ಜಗಳ ತರಬೇಡಿ. ಕೊನೆಯ ತೀರ್ಪು ಕಾನೂನಿನ ಪ್ರಕಾರ ಸರಿಯೇ ಇರಬಹುದು, ಅವಧಿಯುದ್ದಕ್ಕೂ ಬಹಿಷ್ಕರಿಸುವ ಅಧಿಕಾರ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯಲ್ಲಿ ಸ್ಪೀಕರಿಗೆ ಇಲ್ಲ. ಆದರೆ ಜುಲೈನ ಆ ಒಂದು ಸಾಲು ಸರ್ಕಾರದ ಹಣೆಬರಹ ಬರೆದುಬಿಟ್ಟಿತು. ಕೊನೆಯ ತೀರ್ಪನ್ನು ಪುಟಗಟ್ಟಲೆ ಕಾರಣ ಕೊಟ್ಟು ಬರೆಯುತ್ತಾರೆ. ಎಲ್ಲವನ್ನೂ ತಿರುಗಿಸಿಬಿಡುವ ಮಧ್ಯಂತರ ಆದೇಶಕ್ಕೆ ಕಾರಣವೇ ಇರುವುದಿಲ್ಲ. ಗಡಿ ಹಾಕುವುದಿದ್ದರೆ ನಾನು ಅಲ್ಲಿ ಹಾಕುತ್ತೇನೆ.


ಸದಾಶಿವಗಡದ ವಕೀಲ (ಕಾರವಾರ)

ಇದು ಬಹಳ ಮುಖ್ಯ ಮಾತು. ನಾನು ಇನ್ನೊಂದು ಸೇರಿಸುತ್ತೇನೆ, 142ನೇ ವಿಧಿ. ಪೂರ್ಣ ನ್ಯಾಯ ಒದಗಿಸಲು ಬೇಕಾದ ಆದೇಶ ಕೊಡುವ ಅಧಿಕಾರ, ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ಇರುವ ಕಾನೂನನ್ನು ಬದಿಗೊತ್ತಿ ಅದರ ಜಾಗದಲ್ಲಿ ಹೊಸದು ಕಟ್ಟಲು ಇದನ್ನು ಬಳಸುವಂತಿಲ್ಲ ಎಂದು 1998ರಲ್ಲಿ ಕೋರ್ಟೇ ಹೇಳಿದೆ.

ಆದರೂ 2016ರ ಡಿಸೆಂಬರ್‌ನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂಬ ಆದೇಶ ಬಂತು. ಉದ್ದೇಶ ಒಳ್ಳೆಯದು, ಕುಡಿದು ಓಡಿಸಿ ಸಾಯುವವರನ್ನು ಉಳಿಸುವುದು. ನಮ್ಮ ಕರಾವಳಿಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಪೇಟೆ ಅನ್ನುವುದೆಲ್ಲ ಆ 500 ಮೀಟರಿನೊಳಗೇ. ಮೂರೇ ತಿಂಗಳಲ್ಲಿ ಚಿಕ್ಕ ಊರುಗಳಿಗೆ 220 ಮೀಟರ್ ಎಂದು ಸಡಿಲಿಸಬೇಕಾಯಿತು, ಜುಲೈನಲ್ಲಿ ಪಟ್ಟಣದ ಎಲ್ಲೆಯೊಳಗೆ ಇದು ಅನ್ವಯಿಸದು ಎಂದಾಯಿತು. ದೇಶದ ಭೂಪಟವನ್ನು ಮೀಟರಿನಲ್ಲಿ ಅಳೆಯುವ ಕೆಲಸ ಶಾಸನಸಭೆಯದು. ಅಲ್ಲಿಯಾದರೆ ಭಟ್ಕಳದ ಶಾಸಕರು ಎದ್ದು ನಮ್ಮಲ್ಲಿ ಜಾಗವೇ ಇಲ್ಲ ಸ್ವಾಮಿ ಎನ್ನಬಹುದಿತ್ತು. ಚಿತ್ರಮಂದಿರದಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿದ 2016ರ ಆದೇಶವೂ ಹಾಗೇ, 2018ರ ಜನವರಿಯಲ್ಲಿ ಐಚ್ಛಿಕವಾಯಿತು.

ಕೋರ್ಟು ತನ್ನ ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡದ್ದೂ ಇದೆ. 2025ರ ಏಪ್ರಿಲ್ 8ರಂದು ತಮಿಳುನಾಡಿನ ಪ್ರಕರಣದಲ್ಲಿ ಇಬ್ಬರ ಪೀಠ, ಮಸೂದೆಗಳ ಮೇಲೆ ಕೂತ ರಾಜ್ಯಪಾಲರಿಗೆ ಗಡುವು ಹಾಕಿ, ಒಪ್ಪಿಗೆ ಸಿಕ್ಕಿದೆ ಎಂದೇ ಭಾವಿಸಿ ಎಂದಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದ ಮೇಲೆ ನವೆಂಬರ್ 20ರಂದು ಐವರ ಪೀಠ, ಸಂವಿಧಾನದಲ್ಲಿ ಇಲ್ಲದ ಗಡುವನ್ನು ನಾವು ಹಾಕಲಾಗದು, ಆದರೆ ಕಾರಣವಿಲ್ಲದ ದೀರ್ಘ ವಿಳಂಬವನ್ನು ಪ್ರಶ್ನಿಸಬಹುದು ಎಂದಿತು. ಮೊದಲಿನದು ನನಗೆ ಮನಸ್ಸಿಗೆ ಹಿತವಾಗಿತ್ತು, ಎರಡನೆಯದು ಸಂವಿಧಾನದ ಅಕ್ಷರಕ್ಕೆ ಹತ್ತಿರ ಎಂದು ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.


ಟೊಂಕದ ಗಾಳಿ (ಹೊನ್ನಾವರ)

ನೀವೆಲ್ಲ ಓದಿದವರು. ನಾನು ದೋಣಿಯವನ ಮಗ, ಬಿಕಾಂ ಮುಗಿಸಿ ಮೀನು ವ್ಯಾಪಾರ ನೋಡಿಕೊಳ್ಳುತ್ತೇನೆ. ನನ್ನದೂ ಒಂದೆರಡು ಮಾತು.

2020ರ ಜನವರಿಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬಂದರು ವಿಸ್ತರಣೆ ಬೇಡ ಎಂದು ಮೀನುಗಾರರು ಬೀದಿಗೆ ಬಂದಾಗ ನಾನೂ ಹೋಗಿದ್ದೆ. ಪೇಟೆ ಬಂದಾಗಿತ್ತು. ಹೆಂಗಸರು ಮರಳಿನ ಮೇಲೇ ಕೂತಿದ್ದರು. ಅದೇ ತಿಂಗಳು ಹೈಕೋರ್ಟಿನಿಂದ ತಡೆ ಬಂತು. ಆ ದಿನ ನಮಗಾದ ಸಂತೋಷ ಹೇಳತೀರದು. ನಮ್ಮ ಕೂಗು ಕೇಳದ ಸರ್ಕಾರಕ್ಕೆ ಒಂದು ಹಾಳೆ ಕೇಳಿಸಿತಲ್ಲ! ಹಾಗಾಗಿ ಕೋರ್ಟಿಗೆ ಅಧಿಕಾರ ಬೇಡ ಎನ್ನುವವರ ಜೊತೆ ನಾನಿಲ್ಲ.

ಆದರೆ ತಡೆಯಾಜ್ಞೆ ಎಂದರೆ ಕೆಲಸ ನಿಂತಿತು, ಅಷ್ಟೇ. ಬಲೆ ಎಳೆಯುವ ಜಾಗ ಯಾರದು ಎಂಬುದು ಬಗೆಹರಿಯಲಿಲ್ಲ. ಮೂರು ತಲೆಮಾರಿನಿಂದ ಮೀನು ಒಣಗಿಸುವ ನಮ್ಮ ದಿಬ್ಬಕ್ಕೂ ಪಹಣಿ ಇಲ್ಲ. ಅಂಥ ತಡೆ ತೆರವಾದ ದಿನ ನಾವು ಮತ್ತೆ ಮರಳಿನ ಮೇಲೆ. ವಾಯಿದೆಗೆ ಹೋಗಬೇಕೆಂದರೆ ಧಾರವಾಡದ ಹೈಕೋರ್ಟು ಪೀಠ. 2008ಕ್ಕೆ ಮೊದಲು ಅದೂ ಇರಲಿಲ್ಲ, ಬೆಂಗಳೂರಿಗೇ ಹೋಗಬೇಕಿತ್ತು ಎಂದು ಅಪ್ಪ ಹೇಳುತ್ತಾರೆ. ಹೋದರೂ ಒಳಗೆ ನಡೆಯುವುದೆಲ್ಲ ಇಂಗ್ಲಿಷಿನಲ್ಲಿ. ಅಪ್ಪ ಒಂದು ಸಲ ಕಲಾಪ ನೋಡಿ ಬಂದವರು, "ನಮ್ಮ ವಿಷಯವೇ ಮಾತಾಡ್ತಿದ್ದರು, ಹೆಸರು ಕೇಳಿ ಗೊತ್ತಾಯ್ತು" ಎಂದರು. ನ್ಯಾಯಾಧೀಶರು ಒಂದು ಸಲ ಬೆಳಿಗ್ಗೆ ಐದಕ್ಕೆ ದಡಕ್ಕೆ ಬಂದು ಬಲೆ ಎಳೆಯುವುದನ್ನು ನೋಡಲಿ ಎಂಬ ಆಸೆ ನನಗೆ.


ಎದ್ದುಬಂದವರು (ಕಾರವಾರ ತಾಲೂಕು)

ನಮ್ಮ ಊರೇ ಒಂದು ಸರ್ಕಾರಿ ಯೋಜನೆಗೆ ಹೋಯಿತು. ಕೊಟ್ಟ ಪರಿಹಾರ ಸಾಲದು ಎಂದು ಅಪ್ಪ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಹೆಚ್ಚಿಸಿತು, ಮೇಲ್ಮನವಿ, ಮತ್ತೆ ಮೇಲ್ಮನವಿ. ದುಡ್ಡು ಕೈಗೆ ಬರುವಾಗ ಅಪ್ಪನ ಫೋಟೋಕ್ಕೆ ಹಾರ ಬಿದ್ದು ಆರು ವರ್ಷ ಆಗಿತ್ತು. ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅಮ್ಮ ಇದ್ದಾರೆ.

ನ್ಯಾಯಾಲಯ ನಮಗೆ ಅನ್ಯಾಯ ಮಾಡಲಿಲ್ಲ. ಸರ್ಕಾರ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡಿಸಿತು. ತಡವಾಯಿತು. ಗಡಿಯ ಬಗ್ಗೆ ನನಗೆ ಗೊತ್ತಿಲ್ಲ, ಕಾಲದ ಬಗ್ಗೆ ಗೊತ್ತು.


ಕಾಳಿ ದಡ (ದಾಂಡೇಲಿ, ಈಗ ಬೆಂಗಳೂರು)

ಮೇಲಿನದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ನ್ಯಾಯಾಧೀಶರನ್ನು ಯಾರು ಕೇಳಬೇಕು? 2014ರಲ್ಲಿ ಸಂಸತ್ತು ಹೆಚ್ಚುಕಡಿಮೆ ಒಮ್ಮತದಿಂದ ನ್ಯಾಯಾಧೀಶರ ನೇಮಕಾತಿ ಆಯೋಗ ತಂದಿತು. 2015ರ ಅಕ್ಟೋಬರ್ 16ರಂದು ಕೋರ್ಟು 4-1ರಲ್ಲಿ ರದ್ದು ಮಾಡಿತು. ಮಂತ್ರಿಗಳ ಕೈಗೆ ನೇಮಕಾತಿ ಹೋಗಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸುವುದು?


ಅಂಕೋಲೆಯ ಅಕ್ಕೋರು

1949ರ ಮೇ ತಿಂಗಳಲ್ಲೇ ಅಂಬೇಡ್ಕರರು ಈ ಬಗ್ಗೆ ಎಚ್ಚರಿಸಿದ್ದರು. ಮುಖ್ಯ ನ್ಯಾಯಮೂರ್ತಿ ಎಷ್ಟೇ ದೊಡ್ಡವರಾದರೂ ನಮ್ಮೆಲ್ಲರ ಹಾಗೆ ದೌರ್ಬಲ್ಯ, ಪೂರ್ವಗ್ರಹ ಇರುವ ಮನುಷ್ಯರೇ, ನೇಮಕದಲ್ಲಿ ಅವರ ಮಾತೇ ಅಂತಿಮ ಎಂದರೆ ಅಪಾಯ ಎಂಬ ಅರ್ಥದ ಮಾತು. ಪೂರ್ತಿ ಕಾರ್ಯಾಂಗದ ಕೈಗೆ ಕೊಡುವುದೂ ಅಪಾಯ ಎಂದೂ ಹೇಳಿದ್ದರು. 1977ರಲ್ಲಿ ಖನ್ನಾ ಅವರಿಗೆ ಆದದ್ದು ನೋಡಿದ ಮೇಲೆ ನನಗೆ ಮಂತ್ರಿಗಳ ಭಯವೇ ಒಂದು ತೂಕ ಹೆಚ್ಚು. ಆದರೆ ಯಾಕೆ ಇವರು, ಯಾಕೆ ಅವರಲ್ಲ ಎಂಬ ಕಾರಣವನ್ನು ಊರಿಗೆ ತಿಳಿಸಲು ಏನು ಅಡ್ಡಿ? ಗ್ರಾಮ ಪಂಚಾಯತಿ ಕೂಡ ಠರಾವು ಬರೆದಿಡುತ್ತದೆ.


ಬೆಟ್ಟದಂಚು (ಶಿರಸಿ)

ಎರಡು ದಿನ ತೋಟದ ಕೆಲಸ, ಉತ್ತರಿಸಲು ತಡವಾಯಿತು.

ಕಾಳಿ ದಡ ಅಣ್ಣ, ನೀವು ಕೇಳಿದ್ದಕ್ಕೆ ಬೇಸರವಿಲ್ಲ. ಈಚೆಗೆ ಕಡಿದವರು ಇದ್ದಾರೆ. ನಮ್ಮ ಸೀಮೆಯಲ್ಲೇ ಇದ್ದಾರೆ, ಅವರಿಗೆ ಹಕ್ಕು ಸಿಗಬಾರದು ಎಂದು ಗ್ರಾಮಸಭೆಯಲ್ಲೇ ಹೇಳಿದ್ದೇನೆ. ಆದರೆ ಯಾರು 1930ರವರು, ಯಾರು 2010ರವರು ಎಂಬುದು ದಿಲ್ಲಿಯ ಕಡತದಿಂದ ಗೊತ್ತಾಗುವುದಿಲ್ಲ, ಊರಿಗೆ ಗೊತ್ತಿರುತ್ತದೆ. ಅದಕ್ಕೇ ಕಾಯ್ದೆ ಮೊದಲ ಮಾತನ್ನು ಗ್ರಾಮಸಭೆಗೆ ಕೊಟ್ಟದ್ದು.

ಕಾಡು ಉಳಿಸಿದ್ದು ಕೋರ್ಟು ಮಾತ್ರ ಎಂಬುದನ್ನೂ ನಾನು ಒಪ್ಪಲಾರೆ. 1983ರ ಸೆಪ್ಟೆಂಬರ್ 8ರಂದು ನಮ್ಮ ಸಾಲ್ಕಣಿ ಕಡೆಯವರು ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಆಗ ಯಾವ ತಡೆಯಾಜ್ಞೆ ಇತ್ತು? ಬೇಡ್ತಿ ಜಲವಿದ್ಯುತ್ ಯೋಜನೆ ಬೇಡ ಎಂದು ಅಡಿಕೆ ಬೆಳೆಗಾರರು ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ಲೆಕ್ಕ ಹಾಕಿಸಿ ಸರ್ಕಾರದ ಮುಂದಿಟ್ಟರು, ಯೋಜನೆ ನಿಂತಿತು. ಕೈಗಾ ಅಣುಸ್ಥಾವರ ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತರು. ಸೋತರು. ಆದರೆ ಪ್ರಶ್ನೆಯನ್ನು ನಮ್ಮ ಮನೆಬಾಗಿಲಿಗೆ ತಂದು ಉತ್ತರ ಕೇಳಿದರು. ಈಗ ಏನೇ ಆದರೂ "ಪಿಐಎಲ್ ಹಾಕುವಾ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಊರಿನಲ್ಲಿ ವಾದ ಮಾಡುವ ಅಭ್ಯಾಸವೇ ತಪ್ಪುತ್ತಿದೆ. ಅಜ್ಜನವರು ಗ್ರಾಮಸಭೆಯಲ್ಲಿ ಆಡಿದ ಮಾತಿನ ಬೇರು ಇಲ್ಲೇ ಇದೆ ಅನ್ನಿಸುತ್ತದೆ.

ಇಷ್ಟು ಓದಿದ ಮೇಲೆ ನನ್ನ ಮಟ್ಟಿಗೆ ಗೆರೆ ಒಂದು ಕಡೆ ಕಾಣುತ್ತಿದೆ. ಬೊಮ್ಮಾಯಿ ಪ್ರಕರಣದಲ್ಲಿ ಕೋರ್ಟು ಸದನದ ಬಾಯಿ ತೆರೆಸಿತು. 1976ರಲ್ಲಿ ಜೈಲಿನಲ್ಲಿದ್ದವರ ಬಾಯಿ ಮುಚ್ಚಿತು. 2019ರ ಫೆಬ್ರವರಿ 13ಕ್ಕೆ ನಮ್ಮನ್ನು ಕೇಳಲಿಲ್ಲ, 28ಕ್ಕೆ ಕೇಳಿದಿರಾ ಎಂದು ಕೇಳಿತು. ನ್ಯಾಯಾಧೀಶರಿಗೆ ಓಟು ಬೇಕಿಲ್ಲ, ಬೇಕಾಗಲೂಬಾರದು. ಅವರ ಬಲವೆಲ್ಲ ಕೂತು ಕೇಳಿಸಿಕೊಳ್ಳುವುದರಲ್ಲಿದೆ. ಯಾರ ಮಾತು ಕೇಳಿಲ್ಲವೋ ಅವರ ಮನೆ ಮಾಡಿಗೆ ಕೈ ಹಾಕುವ ಅಧಿಕಾರ, ಅದು ಎಷ್ಟೇ ದೊಡ್ಡ ಕೋರ್ಟಾಗಲಿ, ಅದಕ್ಕಿಲ್ಲ.

ವಕೀಲ್ರೆ, ನನ್ನ ಅಪ್ಪನ ಅರ್ಜಿಗೆ ಇನ್ನು ದಾರಿ ಇದೆಯಾ?


ಸದಾಶಿವಗಡದ ವಕೀಲ (ಕಾರವಾರ)

ಇದೆ. ಹಿಂಬರಹ ಯಾವ ಹಂತದಿಂದ ಬಂದದ್ದು ನೋಡಿ ನನಗೆ ಹೇಳಿ. ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ, ಪ್ರತಿ ಸಲ 60 ದಿನದೊಳಗೆ ಹೋಗಬಹುದು. ಮಾತು ಹೇಳಲು ಅವಕಾಶ ಕೊಡದೆ ಅರ್ಜಿ ಮುಗಿಸುವಂತಿಲ್ಲ ಎಂದು ಕಾಯ್ದೆಯ 6ನೇ ಕಲಮಿನಲ್ಲೇ ಇದೆ. ನಿಮ್ಮನ್ನು ಕರೆದೇ ಇಲ್ಲ ಎಂದರೆ ಅದನ್ನೇ ಮೊದಲ ಅಂಶವಾಗಿ ಬರೆಯಿರಿ.

ಮತ್ತೆ, 1930ರ ಕಾಗದವೇ ಬೇಕು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. 13ನೇ ನಿಯಮ ಓದಿ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆ, ಬರಹಕ್ಕೆ ಇಳಿಸಿದ್ದು, ಅದೂ ಸಾಕ್ಷ್ಯವೇ. ಹಳೆಯ ಬಾವಿ, ಗೋರಿ, ದೇವರ ಬನ ಇಂಥವೂ ಲೆಕ್ಕಕ್ಕೆ ಬರುತ್ತವೆ. ಊರಲ್ಲಿ ತುಂಬ ಹಿರಿಯರು ಯಾರಿದ್ದಾರೆ?


ಬೆಟ್ಟದಂಚು (ಶಿರಸಿ)

ಸಭೆಯಲ್ಲಿ ಎದ್ದು ನಿಂತ ಅಜ್ಜನವರೇ. ಈಗಷ್ಟೇ ಅವರ ಮನೆಗೆ ಹೋಗಿ ಬಂದೆ. ನಮ್ಮ ಮುತ್ತಜ್ಜಿ ಹೊಳೆಯಿಂದ ತಾಮ್ರದ ಕೊಡದಲ್ಲಿ ನೀರು ತರುತ್ತಿದ್ದದ್ದು, ನಮ್ಮ ಅಂಗಳದ ಹಲಸಿನ ಮರ ಆಗ ಸೊಂಟದೆತ್ತರ ಇದ್ದದ್ದು, ಎಲ್ಲ ನೆನಪಿದೆ ಅವರಿಗೆ. "ಯಾರೂ ಕೇಳಿದ್ವಿಲ್ಲೆ, ಹಂಗಾಗಿ ಹೇಳಿದ್ನಿಲ್ಲೆ" ಅಂದರು.

ಅಕ್ಕೋರೆ, ನಿಮ್ಮ ಅಕ್ಷರ ಚೆಂದ. ಭಾನುವಾರ ಒಂದು ಸಲ ಘಟ್ಟ ಹತ್ತಿ ಬರುತ್ತೀರಾ? ಬರೆದುಕೊಳ್ಳಬೇಕು.


ಅಂಕೋಲೆಯ ಅಕ್ಕೋರು

ಬರುತ್ತೇನೆ ತಮ್ಮಾ. ಬೆಳಿಗ್ಗೆ ಏಳರ ಶಿರಸಿ ಬಸ್ಸಿಗೆ. ಅಜ್ಜನವರಿಗೆ ಊಟವಾದ ಮೇಲೆ ನಿದ್ದೆ ಬರುವ ವಯಸ್ಸು, ಅದಕ್ಕೆ ಮೊದಲೇ ಕೂರೋಣ.